ಹೊಸ ಕೋಣೆ ಕಟ್ಟಿದ ಮೇಲೆ ಹಳೆ ಮರದ ನೆಲ ಮುಗ್ಗುತ್ತಿದೆಯೇ? ನೆಲದಡಿಯ ಗಾಳಿ ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ಹಳೆ ಮನೆಯ ಹಿಂಭಾಗಕ್ಕೆ ಅಡುಗೆಮನೆಯನ್ನೋ, ಬಚ್ಚಲು ಸಮೇತ ಮಲಗುವ ಕೋಣೆಯನ್ನೋ ಸೇರಿಸಿ ಕಟ್ಟಿಸಿ ಎರಡು ಮಳೆಗಾಲ ಕಳೆದಿದೆ. ಹೊಸ ಕೋಣೆಗೆ ಏನೂ ಆಗಿಲ್ಲ. ಪಕ್ಕದ ನಡುಮನೆಯ ಮರದ ನೆಲ ಮಾತ್ರ ಕೆಟ್ಟಿದೆ: ಬೆಳಿಗ್ಗೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ, ಒಂದು ಮೂಲೆಯಲ್ಲಿ ಕಾಲಿಟ್ಟರೆ ಹಲಗೆ ಕುಣಿಯುತ್ತದೆ, ಮೊಳೆಯ ತಲೆಯ ಸುತ್ತ ಕಪ್ಪು ಕಲೆ. ಬಡಗಿಯನ್ನು ಕರೆಸಿದರೆ ಆ ಹಲಗೆ ಬದಲಿಸಿ ಹೋಗುತ್ತಾರೆ. ಮುಂದಿನ ಮಳೆಗೆ ಪಕ್ಕದ ಹಲಗೆಯ ಸರದಿ.

ಹಲಗೆ ಬದಲಿಸುವ ಮೊದಲು ಅದರ ಮೇಲೆ ಅಡ್ಡಡ್ಡಲಾಗಿ ಅಂಗೈ ಸವರಿ ನೋಡಿ. ಅಂಚುಗಳು ಎದ್ದು ನಡು ತಗ್ಗಿದ್ದರೆ ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಹೆಚ್ಚು ತೇವ ಕುಡಿದಿದೆ, ಅಂದರೆ ತೊಂದರೆ ನೆಲದಡಿಯಲ್ಲಿದೆ. ನಡು ಉಬ್ಬಿ ಅಂಚು ಇಳಿದಿದ್ದರೆ ತೇವ ಮೇಲಿನಿಂದ ಬಂದಿದೆ. ಒದ್ದೆ ಬಟ್ಟೆಯಲ್ಲಿ ದಿನಾ ಒರೆಸುವುದು, ಕಿಟಕಿಯಿಂದ ಎರಚಲು ಬಡಿಯುವುದು, ಇಂಥ ಕಾರಣ. ಎರಡನೆಯದಾದರೆ ಈ ಕೈಪಿಡಿ ನಿಮಗೆ ಬೇಕಿಲ್ಲ.

ಇದು ನಿಮ್ಮ ಮನೆಗೆ ಅನ್ವಯಿಸುತ್ತದೆಯೇ?

ಬೆಂಗಳೂರಿನ ಬಹುಪಾಲು ಮನೆಗಳ ನೆಲದಡಿ ಖಾಲಿ ಜಾಗವೇ ಇಲ್ಲ. ಪಾಯದೊಳಗೆ ಮಣ್ಣು ತುಂಬಿ, ದಮ್ಮಸ್ಸು ಮಾಡಿ, ಜಲ್ಲಿ ಕಾಂಕ್ರೀಟ್ ಹಾಕಿ, ಅದರ ಮೇಲೆ ರೆಡ್ ಆಕ್ಸೈಡೋ ಮೊಸಾಯಿಕ್ಕೋ ಟೈಲ್ಸೋ ಹಾಸಿರುತ್ತಾರೆ. ಅಲ್ಲಿ ಗಾಳಿಯ ಮಾತಿಲ್ಲ. ದಂಡು ಪ್ರದೇಶದ ಕೆಲವು ಹಳೆ ಬಂಗಲೆಗಳು, ಮರದ ನೆಲ ಹಾಕಿಸಿದ ನೃತ್ಯದ ಕೋಣೆ, ಯೋಗದ ಕೋಣೆ, ಬ್ಯಾಡ್ಮಿಂಟನ್ ಅಂಕಣ ಇವುಗಳಲ್ಲಿ ಮಾತ್ರ ಹಲಗೆಗಳು ಜಂತೆಗಳ ಮೇಲೆ, ಜಂತೆಗಳು ಗಿಡ್ಡ ಗೋಡೆಗಳ ಮೇಲೆ ಕೂತು, ಕೆಳಗೆ ಟೊಳ್ಳು ಉಳಿದಿರುತ್ತದೆ. ಬೆರಳ ಗೆಣ್ಣಿನಿಂದ ನೆಲ ಕುಟ್ಟಿದರೆ ಶಬ್ದದಲ್ಲೇ ಗೊತ್ತಾಗುತ್ತದೆ. ಹೊರಗೋಡೆಯಲ್ಲಿ ಕೋಣೆಯ ನೆಲದ ಮಟ್ಟಕ್ಕಿಂತ ಕೆಳಗೆ ಜಾಲರಿ ಕಂಡರೆ ಅನುಮಾನವೇ ಬೇಡ. ಅವೇ ಗಾಳಿಕಿಂಡಿಗಳು. ಇಲಿ ಬರುತ್ತದೆಂದು ಎಷ್ಟೋ ಮನೆಗಳಲ್ಲಿ ಅವನ್ನು ಸಿಮೆಂಟಿನಿಂದ ಮುಚ್ಚಿ ಬಣ್ಣ ಬಳಿದಿರುತ್ತಾರೆ. ಬೆಳಕನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದರೆ ಹಳೆ ಕಿಂಡಿಯ ಚೌಕ ಗಾರೆಯ ಮೇಲೆ ಮಸುಕಾಗಿ ಕಾಣುತ್ತದೆ.

ಗಾಳಿ ನಿಂತರೆ ಮರಕ್ಕೆ ಏನಾಗುತ್ತದೆ?

ಮರ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಂಡೇ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದರೆ ಮರದೊಳಗಿನ ತೇವ ಸುಮಾರು ಶೇ. 9ಕ್ಕೆ ನಿಲ್ಲುತ್ತದೆ, ಶೇ. 80ಕ್ಕೆ 16, ಶೇ. 90ಕ್ಕೆ 20, ಶೇ. 95ಕ್ಕೆ 24. ಮರದ ತೇವ ಶೇ. 20 ದಾಟಿ ಅಲ್ಲೇ ಉಳಿದರೆ ಶಿಲೀಂಧ್ರಕ್ಕೆ ಬಾಗಿಲು ತೆರೆದಂತೆ.

ಬೆಂಗಳೂರಿನ ಮಟ್ಟಿಗೆ ಒಂದು ಅನುಕೂಲವಿದೆ. ನೆಲದಡಿಯ ಮಣ್ಣು ವರ್ಷವಿಡೀ ಸುಮಾರು 24 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಚಳಿ ದೇಶಗಳಂತೆ ಇಲ್ಲಿ ಹೊರಗಿನ ಗಾಳಿ ಒಳಬಂದು ತಣ್ಣಗಾಗಿ ನೀರಾಗಿ ಕೂರುವುದು ಅಪರೂಪ. ಜುಲೈನಲ್ಲೂ ಹೊರಗಿನ ಗಾಳಿ ಸರಿಯಾಗಿ ಓಡಾಡುತ್ತಿದ್ದರೆ ನೆಲದಡಿಯ ಆರ್ದ್ರತೆ ಶೇ. 75ರಿಂದ 80ರಲ್ಲಿ ನಿಲ್ಲಬೇಕು, ಮರ ಶೇ. 14ರಿಂದ 16ರಲ್ಲಿ. ಇದಕ್ಕಿಂತ ಮೇಲೆ ಏರಿತೆಂದರೆ ಆ ಹೆಚ್ಚುವರಿ ತೇವ ಕೆಳಗಿನ ಮಣ್ಣಿನಿಂದಲೋ, ಗೋಡೆಯಿಂದಲೋ, ಎಲ್ಲಾದರೂ ಸೋರುವ ಪೈಪಿನಿಂದಲೋ ಬಂದದ್ದು, ಹೊರಹೋಗಲು ದಾರಿಯಿಲ್ಲದೆ ಉಳಿದದ್ದು. ಹೊಸ ಕೋಣೆ ಆ ದಾರಿಯನ್ನೇ ಮುಚ್ಚಿರುತ್ತದೆ. ಎದುರುಬದುರು ಕಿಂಡಿ ಇದ್ದರಷ್ಟೇ ಗಾಳಿ ಹಾಯುತ್ತದೆ. ಒಂದೇ ಪಕ್ಕದಲ್ಲಿ ಎಷ್ಟು ಕಿಂಡಿ ಇದ್ದರೂ ಗಾಳಿ ಬಾಗಿಲವರೆಗೆ ಬಂದು ಹಿಂತಿರುಗುತ್ತದೆ.

ದಿಕ್ಕೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ನವೆಂಬರ್ ನಂತರ ಮೂಡಣದಿಂದ. ಹೊಸ ಕೋಣೆ ಪಶ್ಚಿಮಕ್ಕೆ ಬಂದಿದ್ದರೆ, ಗಾಳಿ ಅತಿ ಅಗತ್ಯವಾದ ತಿಂಗಳುಗಳಲ್ಲೇ ಒಳಬರುವ ಬಾಗಿಲು ಮುಚ್ಚಿದೆ ಎಂದರ್ಥ. ಇಂಥ ಮನೆಗಳಲ್ಲಿ ನೆಲ ಬೇಗ ಕೆಡುತ್ತದೆ.

ನೆಲ ಬಿಚ್ಚಿ ನೋಡುವುದು

ಬೇಕಾದವು: ಎರಡು ಸೂಜಿಯ ಮರದ ತೇವಮಾಪಕ, ಎರಡು ಡಿಜಿಟಲ್ ಹೈಗ್ರೋಮೀಟರ್, ಹಳೆಯ ಚಪ್ಪಟೆ ಸ್ಕ್ರೂಡ್ರೈವರ್, ಟಾರ್ಚು, ದಪ್ಪ ಕೈಗವಸು, ಒಂದು ಕಟ್ಟು ಊದುಬತ್ತಿ. ನೆಲದಡಿಗೆ ಬರಿಗೈ ಹಾಕಬೇಡಿ. ಇಲಿ ಇದ್ದಲ್ಲಿ ಹಾವೂ ಇರಬಹುದು.

ಹೊಸ ಗೋಡೆಗೆ ತಾಗಿದ ಮೂಲೆಯಲ್ಲಿ ಒಂದು, ಹೊರಗೋಡೆಯ ಕಡೆ ಒಂದು, ಹೀಗೆ ಎರಡು ಕಡೆ ಹಲಗೆ ಎಬ್ಬಿಸಿ. ಮೊಳೆಯ ಸಾಲು ಇರುವಲ್ಲಿ ಕೆಳಗೆ ಜಂತೆ ಇದೆ. ಜಂತೆಯ ಪಕ್ಕಕ್ಕೆ ಒಂದಿಂಚು ಬಿಟ್ಟು ಕತ್ತರಿಸಿ. ಗರಗಸದ ಆಳವನ್ನು ಹಲಗೆಯ ದಪ್ಪಕ್ಕೆ, ಅಂದರೆ ಮುಕ್ಕಾಲರಿಂದ ಒಂದಿಂಚಿಗೆ, ಕಟ್ಟಿ ಹಾಕಿಕೊಳ್ಳಿ. ಹಳೆ ಮನೆಗಳಲ್ಲಿ ಹಲಗೆಗೆ ಒತ್ತಿಕೊಂಡೇ ವಿದ್ಯುತ್ ತಂತಿ ಎಳೆದಿರುವುದುಂಟು. ಮೊದಲು ಮೇನ್ ಆಫ್ ಮಾಡಿ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಮುಚ್ಚಳ ಮಾಡಿಟ್ಟುಕೊಂಡರೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಅಡಿಗೆ ಎರಡು ರೀಪರ್ ಹೊಡೆದು ಸ್ಕ್ರೂನಿಂದ ಕೂರಿಸಿ. ಮೊಳೆ ಬೇಡ.

ಈಗ ತೇವಮಾಪಕ. ಒಂದೇ ಜಂತೆಯ ಗೋಡೆಯ ತುದಿ, ತುದಿಯಿಂದ ಎರಡಡಿ ಒಳಗೆ, ನಡುಭಾಗ, ಈ ಮೂರು ಕಡೆ ಚುಚ್ಚಿ ಬರೆದುಕೊಳ್ಳಿ. ಕನಿಷ್ಠ ನಾಲ್ಕು ಜಂತೆಗಳಿಗೆ ಹೀಗೆ ಮಾಡಿ. ಈ ಹನ್ನೆರಡು ಅಂಕಿಗಳು ಮಿಕ್ಕೆಲ್ಲ ಪರೀಕ್ಷೆಗಿಂತ ಹೆಚ್ಚು ಹೇಳುತ್ತವೆ.

ಎಲ್ಲ ಜಂತೆಗಳೂ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮ ಒದ್ದೆ, ಉದಾಹರಣೆಗೆ 21, 22, 21 ಎಂದು ಬಂದರೆ ಗಾಳಿ ನಿಂತಿದೆ. ಹೊರಗೋಡೆಯ ಕಡೆ 15, ಹೊಸ ಕೋಣೆಯ ಕಡೆ ಬರುಬರುತ್ತಾ 23 ಆದರೆ ಅದೇ ರೋಗ, ಅರ್ಧ ದಾರಿಯಲ್ಲಿದೆ. ನಡುಭಾಗ 14 ಇದ್ದು ಗೋಡೆಯೊಳಗೆ ಕೂತ ತುದಿ ಮಾತ್ರ 26 ಇದ್ದರೆ ಗೋಡೆಯೇ ನೀರು ಹೀರುತ್ತಿದೆ. ಹೊಸ ಕೋಣೆಗೆ ತುಂಬಿದ ಮಣ್ಣು ಹಳೆ ಗೋಡೆಯ ಡಿಪಿಸಿಗಿಂತ, ಅಂದರೆ ತೇವ ಮೇಲೇರದಂತೆ ಗೋಡೆಯ ಬುಡದಲ್ಲಿ ಹಾಕುವ ಪದರಕ್ಕಿಂತ, ಮೇಲೆ ಬಂದಿರುತ್ತದೆ. ಅದಕ್ಕೆ ಕಿಂಡಿ ಕೊರೆದರೆ ಉಪಯೋಗವಿಲ್ಲ. ಒಂದೇ ಜಂತೆಯ ಒಂದೇ ಜಾಗ 30 ದಾಟಿ ಅಕ್ಕಪಕ್ಕ ಒಣಗಿದ್ದರೆ ಅದು ಸೋರಿಕೆ. ಗಾಳಿಯ ಯೋಚನೆ ಬಿಟ್ಟು ಪ್ಲಂಬರನ್ನು ಕರೆಸಿ.

ಮಾಪಕವನ್ನು ಏಪ್ರಿಲ್‌ನಲ್ಲಿ ಇಟ್ಟು ನೋಡಿ ‘ಎಲ್ಲ ಸರಿ ಇದೆ’ ಎನ್ನುವುದು ಬಹಳ ಸಾಮಾನ್ಯವಾದ ತಪ್ಪು. ಬೇಸಿಗೆಯ ಮಧ್ಯಾಹ್ನ ಬೆಂಗಳೂರಿನ ಗಾಳಿ ಎಷ್ಟು ಒಣಗಿರುತ್ತದೆಂದರೆ ಕೆಟ್ಟ ನೆಲವೂ 13 ತೋರಿಸುತ್ತದೆ. ನಿಜವಾದ ಪರೀಕ್ಷೆ ಹಸ್ತ, ಚಿತ್ತೆ ಮಳೆಯ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ಮಣ್ಣು ಆಗ ಪೂರ್ತಿ ನೆನೆದಿರುತ್ತದೆ.

ಗಾಳಿಯೋ ನೀರೋ ಎಂಬ ಸಂಶಯ ಇನ್ನೂ ಉಳಿದರೆ ಹೈಗ್ರೋಮೀಟರ್ ಬಳಸಿ. ಎರಡನ್ನೂ ಮೊದಲು ಒಂದು ದಿನ ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಬರೆದುಕೊಳ್ಳಿ. ಅಗ್ಗದವು ನಾಲ್ಕೈದು ಅಂಕ ಹೆಚ್ಚುಕಡಿಮೆ ತೋರಿಸುತ್ತವೆ. ಆಮೇಲೆ ಒಂದನ್ನು ನೆಲದಡಿಯಲ್ಲಿ ಕಿಂಡಿಗಳಿಂದ ದೂರ, ಇನ್ನೊಂದನ್ನು ಹೊರಗೆ ನೆರಳಿನಲ್ಲಿ ಒಂದು ವಾರ ಇಡಿ. ಇಲ್ಲಿ ಎಡವುವವರು ಬಹಳ. ಮಧ್ಯಾಹ್ನ ಹೊರಗೆ 55, ನೆಲದಡಿ 70 ಕಂಡೊಡನೆ ಗಾಳಿ ನಿಂತಿದೆ ಎನ್ನುತ್ತಾರೆ. ಹೊರಗೆ 29 ಡಿಗ್ರಿಯಲ್ಲಿ ಶೇ. 55 ಇರುವ ಗಾಳಿಯೇ ನೆಲದಡಿ 25 ಡಿಗ್ರಿಗೆ ಇಳಿದರೆ ತಾನಾಗಿ ಶೇ. 70 ಆಗುತ್ತದೆ, ಒಂದು ಹನಿ ತೇವವೂ ಸೇರದೆ. ಹಾಗಾಗಿ ಮಧ್ಯಾಹ್ನದ ಹೋಲಿಕೆ ಬಿಡಿ, ಒಳಗಿನ ಅಂಕಿ ವಾರವಿಡೀ ಎಲ್ಲಿ ನಿಂತಿದೆ ನೋಡಿ. ಮಳೆಗಾಲದಲ್ಲಿ 80ರ ಒಳಗಿದ್ದರೆ ಗಾಳಿ ಓಡಾಡುತ್ತಿದೆ. 85ರ ಮೇಲೆ ಕದಲದೆ ಕೂತಿದ್ದರೆ ಕಿಂಡಿಗಳನ್ನು ಪರೀಕ್ಷಿಸಿ. 90 ದಾಟಿದ್ದರೆ ಗಾಳಿಯ ಜೊತೆಗೆ ನೀರಿನ ಮೂಲವನ್ನೂ ಹುಡುಕಿ.

ಊದುಬತ್ತಿ ಪರೀಕ್ಷೆ

ಅಡುಗೆ ಅನಿಲದ ಸಿಲಿಂಡರ್ ಕಿಂಡಿಗಳ ಹತ್ತಿರವಿದ್ದರೆ ಮೊದಲು ಅದನ್ನು ದೂರ ಸಾಗಿಸಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ತಗ್ಗು ಹುಡುಕಿಕೊಂಡು ನೆಲದಡಿಗೆ ಇಳಿದು ಕೂರುತ್ತದೆ. ಹೊಸ ಅಡುಗೆಮನೆಯ ಸಿಲಿಂಡರನ್ನು ಹೊರಗೆ ಇಡಿಸುವವರು ಗಾಳಿಕಿಂಡಿಯ ಪಕ್ಕದಲ್ಲೇ ಕಟ್ಟೆ ಕಟ್ಟುತ್ತಾರೆ, ಅಲ್ಲಿ ನೆರಳಿದೆ ಎಂದು. ಇದು ಈ ಲೇಖನದಲ್ಲಿ ಹೇಳಿದ ಎಲ್ಲ ದೋಷಗಳಿಗಿಂತ ಅಪಾಯದ್ದು. ಅನಿಲದ ವಾಸನೆ ಇದ್ದರೆ ಬೆಂಕಿ ಹಚ್ಚುವ ಮಾತೇ ಇಲ್ಲ.

ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ, ಎಲೆ ಅಲುಗಾಡುವಷ್ಟು ಗಾಳಿ ಇರುವಾಗ, ಮನೆಯ ಫ್ಯಾನುಗಳನ್ನು ನಿಲ್ಲಿಸಿ ನಾಲ್ಕು ಊದುಬತ್ತಿ ಒಟ್ಟಿಗೆ ಹಚ್ಚಿ. ಹೊರಗಿನಿಂದ ಪ್ರತಿ ಕಿಂಡಿಯ ಮುಂದೆ ಎರಡಿಂಚು ದೂರದಲ್ಲಿ ಒಂದು ನಿಮಿಷ ಹಿಡಿಯಿರಿ. ಮನೆಯ ನಕ್ಷೆಯ ಮೇಲೆ ಬಾಣ ಹಾಕುತ್ತಾ ಹೋಗಿ: ಹೊಗೆ ಒಳಕ್ಕೆ ಎಳೆದರೆ ಒಳಬಾಣ, ಹೊರಕ್ಕೆ ತಳ್ಳಿದರೆ ಹೊರಬಾಣ, ನೇರ ಮೇಲೆದ್ದರೆ ಸೊನ್ನೆ. ಒಂದು ಗೋಡೆಯಲ್ಲಿ ಒಳಬಾಣ, ಎದುರಿನದರಲ್ಲಿ ಹೊರಬಾಣ ಬಂದರೆ ಗಾಳಿ ಹಾಯುತ್ತಿದೆ. ಒಂದೇ ಕಿಂಡಿಯಲ್ಲಿ ಹೊಗೆ ಒಮ್ಮೆ ಒಳಗೆ ಒಮ್ಮೆ ಹೊರಗೆ ತೂಗಾಡುತ್ತಿದ್ದರೆ ಆ ಕಿಂಡಿ ತೆರೆದಿದೆ, ಎದುರಿನ ದಾರಿ ಮುಚ್ಚಿದೆ. ಹೊಸ ಕೋಣೆ ಕಟ್ಟಿದ ಮನೆಗಳಲ್ಲಿ ಈ ತೂಗಾಟವೇ ಹೆಚ್ಚು ಕಾಣುವುದು. ಗಾಳಿಯೇ ಇಲ್ಲದ ದಿನವಾದರೆ ಒಂದು ಕಿಂಡಿಗೆ ಟೇಬಲ್ ಫ್ಯಾನ್ ಹಿಡಿದು ಸುತ್ತ ರಟ್ಟು ಮುಚ್ಚಿ, ಮಿಕ್ಕ ಕಿಂಡಿಗಳಲ್ಲಿ ಹೊಗೆ ನೋಡಿ.

ಎಲ್ಲಿ ತಪ್ಪಿರುತ್ತದೆ?

ಅತಿ ಸಾಮಾನ್ಯವಾದದ್ದು: ಹೊಸ ಕೋಣೆಯ ಪಾಯಕ್ಕೆ ಮಣ್ಣು ತುಂಬುವಾಗ ಹಳೆ ಗೋಡೆಯ ಕಿಂಡಿಗಳೂ ಮಣ್ಣಿನಡಿ ಹೋದವು, ಯಾರೂ ಗಮನಿಸಲಿಲ್ಲ. ಹಳೆ ಭಾಗದ ಕಡೆಯಿಂದ ಮುಚ್ಚಳ ತೆಗೆದು ಟಾರ್ಚು ಬಿಟ್ಟರೆ ಕಿಂಡಿಯ ತೂತುಗಳಲ್ಲಿ ಕೆಂಪು ಮಣ್ಣು ಹೊಸದಾಗಿ ಇಣುಕುತ್ತಿರುತ್ತದೆ.

ಎರಡನೆಯದು ಹೆಚ್ಚು ಕೀಟಲೆಯದು. ಹಳೆ ಕಿಂಡಿಯಿಂದ ಹೊಸ ಕೋಣೆಯ ನೆಲದಡಿಯಲ್ಲಿ ಹೊರಕ್ಕೆ ಗಾಳಿಯ ಪೈಪು ಹಾಕಿ ಎಂದು ಮನೆಯವರು ಹೇಳಿದ್ದಾರೆ, ಮೇಸ್ತ್ರಿ ಹಾಕಿಯೂ ಇದ್ದಾರೆ, ಹೊರಗಿನ ತುದಿಗೆ ಅಚ್ಚುಕಟ್ಟಾದ ಜಾಲರಿಯೂ ಇದೆ. ಆದರೂ ಊದುಬತ್ತಿಯ ಹೊಗೆ ನೇರ ಮೇಲೇರುತ್ತದೆ. ಹೊರತುದಿಯಿಂದ ವಿದ್ಯುತ್ ಕೆಲಸದವರ ಸ್ಟೀಲ್ ಸ್ಪ್ರಿಂಗ್ ತಂತಿಯನ್ನು ತೂರಿಸಿ ಉದ್ದ ಅಳೆಯಿರಿ. ಕೋಣೆಯ ಅಗಲ ಮತ್ತು ಹಳೆ ಗೋಡೆಯ ದಪ್ಪ ಸೇರಿಸಿದಷ್ಟು ಒಳಹೋಗಬೇಕು. ಒಂದೂವರೆ ಅಡಿ ಮೊದಲೇ ನಿಂತರೆ ಪೈಪನ್ನು ಹಳೆ ಗೋಡೆಗೆ ಒತ್ತಿಟ್ಟು ಬಿಟ್ಟಿದ್ದಾರೆ, ಗೋಡೆಯನ್ನು ಕೊರೆದೇ ಇಲ್ಲ. ಮೆತ್ತಗೆ ಒತ್ತಿ ನಿಂತು ಎಳೆದಾಗ ಏನೋ ಸಿಕ್ಕಿಕೊಂಡರೆ, ಕೆಲಸದ ವೇಳೆ ಗಾರೆ ಬೀಳದಿರಲೆಂದು ತುರುಕಿದ ಸಿಮೆಂಟು ಚೀಲ ಅಲ್ಲೇ ಉಳಿದಿದೆ. ಪೂರ್ತಿ ಒಳಹೋಗಿಯೂ ಗಾಳಿ ಬರದಿದ್ದರೆ ಪೈಪಿನ ಬಾಯಿ ಜಂತೆಯ ಪಕ್ಕೆಗೋ ಗಿಡ್ಡ ಗೋಡೆಗೋ ಎದುರಾಗಿ ತೆರೆದಿದೆಯೇ ನೋಡಿ. ನಡುವೆ ಕನಿಷ್ಠ ಆರಿಂಚು ಖಾಲಿ ಬೇಕು.

ಮೂರನೆಯದಕ್ಕೂ ಹೊಸ ಕೋಣೆಗೂ ನೇರ ಸಂಬಂಧವಿಲ್ಲ, ಆದರೆ ಅದೇ ಹೊತ್ತಿಗೆ ಆಗುತ್ತದೆ. ಕಟ್ಟಡದ ಕೆಲಸ ಮುಗಿದ ಮೇಲೆ ಉಳಿದ ದುಡ್ಡಿನಲ್ಲಿ ಮನೆಯ ಸುತ್ತ ಇಂಟರ್‌ಲಾಕ್ ಹಾಕಿಸುತ್ತಾರೆ. ಅಂಗಳ ನಾಲ್ಕಿಂಚು ಏರುತ್ತದೆ. ರಸ್ತೆಯಂತೂ ಡಾಂಬರಿನ ಮೇಲೆ ಡಾಂಬರು ಬಿದ್ದು ಮೊದಲೇ ಏರಿರುತ್ತದೆ. ಉಳಿದ ಪಕ್ಕದ ಕಿಂಡಿಗಳು ಈಗ ನೆಲಕ್ಕೆ ತಾಗಿ, ಮಳೆ ಬಂದಾಗ ಗಾಳಿಯ ಬದಲು ನೀರು ಒಳಬಿಡುತ್ತವೆ. ಕಿಂಡಿಯ ತಳ ಹೊರನೆಲಕ್ಕಿಂತ ಕನಿಷ್ಠ 3 ಇಂಚು ಮೇಲಿರಬೇಕು, 6 ಇದ್ದರೆ ನಿಶ್ಚಿಂತೆ.

ಉಳಿದವನ್ನು ಬೇಗ ನೋಡಿ ಮುಗಿಸಬಹುದು. ಜಾಲರಿಯ ಮೇಲೆ ಸೊಳ್ಳೆ ಪರದೆ ಅಂಟಿಸಿದ್ದರೆ ತೆಗೆಯಿರಿ. ಒಂದು ವರ್ಷದ ದೂಳಿಗೆ ಅದು ಬಟ್ಟೆಯಂತಾಗುತ್ತದೆ. ನೆಲದಡಿಯ ಗಿಡ್ಡ ಗೋಡೆಗಳಲ್ಲಿ ಇಟ್ಟಿಗೆ ಬಿಟ್ಟು ಮಾಡಿದ ತೂತುಗಳು ಕಸದಿಂದ ಮುಚ್ಚಿವೆಯೇ ಎಂದೂ ನೋಡಿ. ಜಾಲರಿಯ ಬಣ್ಣವನ್ನು ಮಾತ್ರ ಲಘುವಾಗಿ ಎಣಿಸಬೇಡಿ. 12 ಮಿ.ಮೀ. ಚೌಕದ ತೂತು ಪ್ರತಿ ದೀಪಾವಳಿಗೂ ಒಂದೊಂದು ಕೋಟಿಂಗ್ ಬಳಿಸಿಕೊಂಡು 10 ಮಿ.ಮೀ. ಆದರೆ ಗಾಳಿ ಹಾಯುವ ಜಾಗ ಶೇ. 30ರಷ್ಟು ಹೋಯಿತು.

ನೀರಿನ ಮೂಲ

ಹೊಸ ಬಚ್ಚಲು ಹಳೆ ಗೋಡೆಗೆ ತಾಗಿದ್ದರೆ ಅದರ ಸಂಕನ್ ಸ್ಲ್ಯಾಬನ್ನು (ಪೈಪು ಹಾಯಿಸಲು ತಗ್ಗಿಸಿ ಹಾಕಿದ ಕಾಂಕ್ರೀಟ್ ನೆಲ) ಶಂಕಿಸಿ. ಬಚ್ಚಲ ಜಾಲಿಯನ್ನು ಬಿಗಿಯಾಗಿ ಮುಚ್ಚಿ, ಬಣ್ಣ ಕಲಸಿದ ನೀರನ್ನು ಎರಡಿಂಚು ನಿಲ್ಲಿಸಿ 48 ಗಂಟೆ ಬಿಡಿ. ನೆಲದಡಿಯ ಗೋಡೆಯಲ್ಲಿ ಬಣ್ಣ ಕಂಡರೆ ಉತ್ತರ ಸಿಕ್ಕಿತು.

ಹೊಸ ಭಾಗದ ಅಡಿಯಲ್ಲಿ ಸಂಪು ಮಾಡಿಸಿದ್ದರೆ ರಾತ್ರಿ ಒಳಬರುವ ವಾಲ್ವ್ ಮುಚ್ಚಿ, ಮೋಟಾರ್ ಹಾಕದೆ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಎಂಟು ಗಂಟೆಯ ನಂತರ 2–3 ಮಿ.ಮೀ.ಗಿಂತ ಹೆಚ್ಚು ಇಳಿದಿದ್ದರೆ ಸಂಪು ಸೋರುತ್ತಿದೆ. ಮಳೆ ನೀರಿನ ಇಂಗುಗುಂಡಿಯನ್ನೂ ಮರೆಯಬೇಡಿ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾಗಿ ಮಳೆ ನೀರು ಕೊಯ್ಲು ಕಡ್ಡಾಯವಾದ ಮೇಲೆ, ಜಾಗವಿಲ್ಲದ ಸೈಟುಗಳಲ್ಲಿ ಗುಂಡಿಯನ್ನು ಪಾಯದ ಪಕ್ಕದಲ್ಲೇ ತೋಡಿಸಿದವರಿದ್ದಾರೆ. ತಾರಸಿಯ ನೀರೆಲ್ಲ ನೆಲದಡಿಯ ಮಣ್ಣಿಗೇ ಹೋಗುತ್ತದೆ. ಪಾಯದಿಂದ ಹತ್ತಡಿ ದೂರಕ್ಕೆ ಸಾಗಿಸಿ. ಆಗದಿದ್ದರೆ ಮೇಲಿನ ಕಾಂಕ್ರೀಟ್ ರಿಂಗುಗಳ ಸಂದು ಸಿಮೆಂಟಿನಿಂದ ಮುಚ್ಚಿಸಿ, ನೀರು ಆಳದಲ್ಲಷ್ಟೇ ಇಂಗುವಂತೆ ಮಾಡಿ.

ಎಷ್ಟು ಕಿಂಡಿ ಬೇಕು?

ಇಂಥ ನೆಲಗಳು ಇಲ್ಲಿಗೆ ಬಂದದ್ದು ಬ್ರಿಟಿಷರ ಜೊತೆ, ಆದ್ದರಿಂದ ಅಳತೆಗೂ ಇಂಗ್ಲೆಂಡಿನ ಕಟ್ಟಡ ನಿಯಮಾವಳಿಯ ‘ಸಿ’ ಮಾರ್ಗದರ್ಶಿಯನ್ನೇ ನೋಡುವುದು ಸರಿ. ಎದುರುಬದುರು ಹೊರಗೋಡೆಗಳಲ್ಲಿ ಕಿಂಡಿ ಇರಬೇಕು. ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ 1500 ಚದರ ಮಿ.ಮೀ., ಇಲ್ಲವೇ ನೆಲದ ಪ್ರತಿ ಚದರ ಮೀಟರಿಗೆ 500 ಚದರ ಮಿ.ಮೀ., ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ತೆರೆದ ಜಾಗ ಬೇಕು. ಕೆಳಗಿನ ನೆಲದಿಂದ ಜಂತೆಯ ಅಡಿಗೆ 150 ಮಿ.ಮೀ. ಖಾಲಿ ಇರಬೇಕು. ಗಾಳಿ ಒಯ್ಯುವ ಪೈಪು 100 ಮಿ.ಮೀ. ವ್ಯಾಸಕ್ಕೆ ಕಡಿಮೆ ಇರಬಾರದು.

6 ಮೀಟರ್ ಉದ್ದ, 4.5 ಮೀಟರ್ ಅಗಲದ ನಡುಮನೆ ಎನ್ನಿ. ನೆಲದ ಲೆಕ್ಕ: 27 × 500 = 13,500. ಎರಡು ಉದ್ದ ಗೋಡೆಗಳ ಲೆಕ್ಕ: 12 × 1500 = 18,000. ದೊಡ್ಡದನ್ನು ಹಿಡಿದರೆ ಪ್ರತಿ ಪಕ್ಕಕ್ಕೆ 9,000 ಚದರ ಮಿ.ಮೀ. ಹೊರಗೋಡೆಯ ಜಾಲರಿಯಲ್ಲಿ 12 ಮಿ.ಮೀ. ಚೌಕದ 18 ತೂತುಗಳಿದ್ದರೆ ಒಂದು ಜಾಲರಿಗೆ 2,592, ನಾಲ್ಕು ಬೇಕು. ಹೊಸ ಕೋಣೆಯ ಕಡೆ ನಮ್ಮಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ 110 ಮಿ.ಮೀ. ಎಸ್‌ಡಬ್ಲ್ಯುಆರ್ (ಕೊಳೆನೀರು, ಮಳೆನೀರಿಗೆ ಬಳಸುವ) ಪಿವಿಸಿ ಪೈಪಿನ ಒಳಜಾಗ ಸುಮಾರು 8,400 ಚದರ ಮಿ.ಮೀ. ಲೆಕ್ಕಕ್ಕೆ ಎರಡು ಸಾಕು. ಆದರೂ ನಾಲ್ಕು ಹಾಕಿ. ಉದ್ದ ಪೈಪಿನಲ್ಲಿ ಗಾಳಿ ನಿಧಾನ, ತುದಿಯ ಜಾಲರಿ ಕಾಲುಭಾಗ ಕದಿಯುತ್ತದೆ. ಮೇಲಾಗಿ ಪೈಪುಗಳ ನಡುವೆ ಎರಡು ಮೀಟರಿಗಿಂತ ಹೆಚ್ಚು ಅಂತರ ಬಿಟ್ಟರೆ ಮಧ್ಯೆ ಗಾಳಿ ಸುಳಿಯದ ಜಾಗ ಉಳಿಯುತ್ತದೆ. ಮೊದಲ ಮತ್ತು ಕೊನೆಯ ಪೈಪು ಮೂಲೆಯಿಂದ ಒಂದೂವರೆ ಅಡಿಯೊಳಗೆ ಬರಲಿ. ಕೊಳೆಯುವುದು ಯಾವಾಗಲೂ ಮೂಲೆಯಿಂದ ಶುರು.

ದುರಸ್ತಿ

ಹೊಸ ಕೋಣೆ ಇನ್ನೂ ಪಾಯದ ಹಂತದಲ್ಲಿದ್ದರೆ ಕೆಲಸ ಅರ್ಧ ದಿನದ್ದು. ಹಳೆ ಗೋಡೆಯ ಕಿಂಡಿಯ ಮಟ್ಟಕ್ಕೆ ದಾರ ಕಟ್ಟಿ, ಹೊರಕ್ಕೆ 60ಕ್ಕೆ 1ರಂತೆ ಇಳಿಜಾರು ಕೊಟ್ಟು ಪೈಪು ಹಾಸಿ. ಒಳಗೆ ನೀರು ಸೇರಿದರೂ ಹೊರಕ್ಕೇ ಹರಿಯಬೇಕು. ಪೈಪಿನ ಕೆಳಗೆ, ಮೇಲೆ, ಪಕ್ಕಗಳಲ್ಲಿ ಮೂರಿಂಚು ಎಂ-ಸ್ಯಾಂಡ್ ಹಾಕಿದ ಮೇಲೆಯೇ ಜಲ್ಲಿ ಕಾಂಕ್ರೀಟ್. 40 ಮಿ.ಮೀ. ಜಲ್ಲಿ ನೇರ ಬಿದ್ದು ದಮ್ಮಸ್ಸು ಹೊಡೆದರೆ ಪೈಪು ಒಡೆಯುತ್ತದೆ. ನೇರವಾಗಿ ಹೋಗಲಿ. ತಿರುವು ಅನಿವಾರ್ಯವಾದರೆ ಒಂದು 90 ಡಿಗ್ರಿ ಬೆಂಡಿನ ಬದಲು ಎರಡು 45 ಹಾಕಿ. ಐದು ಮೀಟರಿಗಿಂತ ಉದ್ದವಾದರೆ 160 ಮಿ.ಮೀ. ಪೈಪಿಗೆ ಹೋಗಿ. ಹೊರತುದಿಗೆ 6 ಮಿ.ಮೀ. ಕಣ್ಣಿನ ತುಕ್ಕುಹಿಡಿಯದ ವೆಲ್ಡೆಡ್ ಮೆಶ್. ಪೈಪಿನ ಸುತ್ತಲಿನ ಸಂದನ್ನು ಸಿಮೆಂಟು ಗಾರೆಯಿಂದ ಪೂರ್ತಿ ತುಂಬಿ, ಇಲ್ಲದಿದ್ದರೆ ಗೆದ್ದಲಿಗೆ ರಾಜಮಾರ್ಗ. ಟೈಲ್ಸ್ ಹಾಕುವ ಮುನ್ನ ತುದಿಯ ಚೀಲ ತೆಗೆದು ಒಂದು ತುದಿಯಲ್ಲಿ ಟಾರ್ಚು ಹಿಡಿದು ಇನ್ನೊಂದರಲ್ಲಿ ನೋಡಿ. ಬೆಳಕು ಕಾಣದೆ ಮೇಸ್ತ್ರಿಗೆ ಬಾಕಿ ಹಣ ಕೊಡಬೇಡಿ.

ಕೋಣೆ ಮುಗಿದು ಗ್ರಾನೈಟ್ ಕೂತಿದ್ದರೆ ಮೂರು ದಾರಿಗಳಿವೆ. ನೆಲ ಕತ್ತರಿಸಿ ಹತ್ತಿಂಚು ಅಗಲದ ಕಾಲುವೆ ತೆಗೆದು ಪೈಪು ಹಾಸುವುದು ಗಟ್ಟಿ ಪರಿಹಾರ, ಆದರೆ ಮನೆಯವರು ಒಪ್ಪುವುದು ಕಡಿಮೆ. ಉಳಿದ ಪಕ್ಕದ ಹೊರಗೋಡೆಗಳು ಎದುರುಬದುರು ಇದ್ದರೆ ಅಲ್ಲಿ ಹೊಸ ಕಿಂಡಿ ಕೊರೆದು ಗಾಳಿಯ ದಿಕ್ಕನ್ನೇ ಅಡ್ಡಕ್ಕೆ ತಿರುಗಿಸಬಹುದು. ಎರಡೂ ಆಗದಿದ್ದರೆ ಹಳೆ-ಹೊಸ ಗೋಡೆ ಸೇರುವಲ್ಲಿ ನೆಲದಡಿಯಿಂದ 110 ಮಿ.ಮೀ. ಪೈಪನ್ನು ನೇರ ತಾರಸಿಯ ಮೇಲೆ ಮೂರಡಿ ಎತ್ತರಕ್ಕೆ ಒಯ್ದು, ಮಳೆ ಬೀಳದಂತೆ ಟೋಪಿ ಹಾಕುವುದು. ಮುಗಿದ ಮನೆಯಲ್ಲಿ ಕಡಿಮೆ ಒಡೆಯುವುದು ಇದರಲ್ಲೇ. ಮಳೆಗಾಲದಲ್ಲಿ ಬರೀ ಪೈಪಿನ ಸೆಳೆತ ಸಾಲದು, ಮೇಲ್ತುದಿಯಲ್ಲಿ ಇನ್‌ಲೈನ್ ಎಕ್ಸಾಸ್ಟ್ ಫ್ಯಾನ್ ಇರಲಿ. ಮೇಲೆ ಲೆಕ್ಕ ಹಾಕಿದ ನಡುಮನೆಯ ಅಡಿ ಒಂದೂವರೆ ಅಡಿ ಟೊಳ್ಳಿದ್ದರೆ ಅಲ್ಲಿರುವ ಗಾಳಿ ಸುಮಾರು 12 ಘನ ಮೀಟರ್. ಗಂಟೆಗೆ 100 ಘನ ಮೀಟರ್ ಎಳೆಯುವ ಫ್ಯಾನು ಅದನ್ನು ಗಂಟೆಗೆ ಎಂಟು ಸಲ ಬದಲಿಸುತ್ತದೆ. ಟೈಮರ್ ಹಾಕಿ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಓಡಿಸಿದರೆ ಸಾಕು.

ಹಳೆ ಗೋಡೆ ಮಣ್ಣುಗಾರೆ, ಸುಣ್ಣದ ಗಾರೆಯದಾದರೆ ಬ್ರೇಕರ್ ಸುತ್ತಿಗೆ ಬೇಡ, ಡೈಮಂಡ್ ಕೋರ್ ಯಂತ್ರವೇ ಆಗಬೇಕು. ಮೂಲೆ ಮತ್ತು ಬಾಗಿಲ ಚೌಕಟ್ಟಿನಿಂದ ಎರಡಡಿ ದೂರವಿರಲಿ. ಸೈಜುಗಲ್ಲಿನ ಪಾಯ ಅಡ್ಡ ಬಂದರೆ ಕಲ್ಲಿಗಿಂತ ಸಂದಿ ಹುಡುಕಿ. ಕೋರ್ ಯಂತ್ರ ನೀರು ಬಿಡುತ್ತಾ ಕೊರೆಯುತ್ತದೆ. ಒಳಗೆ ತಟ್ಟೆ ಇಟ್ಟು ಹಿಡಿಯದಿದ್ದರೆ ಒಣಗಿಸಲು ಹೊರಟ ಜಾಗಕ್ಕೇ ಬಕೆಟ್‌ಗಟ್ಟಲೆ ಕೆಸರುನೀರು ಇಳಿಯುತ್ತದೆ.

ಗಾಳಿಯ ದಾರಿ ತೆರೆದ ಮೇಲೂ ಮಣ್ಣಿಗೆ ಹೊದಿಕೆ ಬೇಕು. ಮರದ ಚೂರು, ಸೆಂಟ್ರಿಂಗ್ ಹಲಗೆ, ಕಾಗದ ಎಲ್ಲ ತೆಗೆಸಿ. ಗೆದ್ದಲಿಗೆ ಅವು ಊಟ. 250 ಮೈಕ್ರಾನ್ ಪಾಲಿಥೀನ್ ಹಾಳೆಯನ್ನು ಒಂದಡಿ ಮೇಲುಹೊದಿಕೆಯಿಟ್ಟು ಹಾಸಿ, ಗೋಡೆಗೆ ಆರಿಂಚು ಏರಿಸಿ ಅಂಟಿಸಿ. ಕಿಂಡಿಯ ಬಾಯಿ ಮುಚ್ಚದಿರಲಿ. ಮಣ್ಣಿನ ಮೇಲೆ ನೀರು ನಿಲ್ಲುತ್ತಿದ್ದರೆ ಅದನ್ನು ತಡೆದ ಮೇಲಷ್ಟೇ ಹಾಳೆ.

ಕೊಳೆತದ್ದೋ, ಹುಳವೋ?

ಸ್ಕ್ರೂಡ್ರೈವರನ್ನು ಜಂತೆಯ ತುದಿಗೆ ಒತ್ತಿ. ಗಟ್ಟಿ ಮರ 2–3 ಮಿ.ಮೀ.ಗೆ ತಡೆಯುತ್ತದೆ, ಸೆಂಟಿಮೀಟರ್ ಇಳಿದರೆ ಕೊಳೆತಿದೆ. ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರುಕು ಬಿಟ್ಟಿದ್ದರೆ ಶಿಲೀಂಧ್ರ. ಗೋಡೆಯಿಂದ ಜಂತೆಗೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಸುರಂಗ ಹತ್ತಿದ್ದರೆ ಗೆದ್ದಲು. ಸಣ್ಣ ತೂತುಗಳ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ. ಗೆದ್ದಲ ಸುರಂಗವನ್ನು ಎರಡಿಂಚು ಒಡೆದು ಒಂದು ವಾರ ಬಿಡಿ. ಮತ್ತೆ ಕಟ್ಟಿಕೊಂಡರೆ ಒಳಗೆ ಜೀವ ಇದೆ. ಔಷಧಿ ಹೊಡೆಯುವವರಿಗೆ ಗೆದ್ದಲು ತಡೆಯ ಭಾರತೀಯ ಮಾನಕವಾದ ಐಎಸ್ 6313ರ ಮೂರನೆಯ ಭಾಗದ ಪ್ರಕಾರ, ಅಂದರೆ ಕಟ್ಟಿ ಮುಗಿದ ಕಟ್ಟಡದ ಕ್ರಮದಲ್ಲಿ, ಮಾಡಿ ಎಂದು ಹೇಳಿ. ಎರಡನೆಯ ಭಾಗ ಹೊಸ ಕಟ್ಟಡದ್ದು. ಹೊಡೆದಾಗ ಗಾಳಿಕಿಂಡಿಗಳು ತೆರೆದಿರಲಿ, ಮನೆಯವರು ಆ ದಿನ ಬೇರೆಡೆ ಮಲಗಲಿ.

ಕೊಳೆತ ತುದಿಯನ್ನು ಕಣ್ಣಿಗೆ ಕಾಣುವ ಕೊಳೆಯಿಂದ ಒಂದಡಿ ಆಚೆಗೆ ಕತ್ತರಿಸಿ. ಅಷ್ಟೇ ಆಳದ ಹೊಸ ತುಂಡನ್ನು ಪಕ್ಕಕ್ಕೆ ಕನಿಷ್ಠ ಎರಡಡಿ ಒತ್ತಾಗಿಟ್ಟು 12 ಮಿ.ಮೀ. ಬೋಲ್ಟಿನಿಂದ ಬಿಗಿಯಿರಿ. ಹೊಸ ತುದಿಯನ್ನು ಮತ್ತೆ ಗೋಡೆಯೊಳಗೆ ತೂರಿಸಬೇಡಿ. ಗೋಡೆಗೆ ಒಂದಿಂಚು ಬಿಟ್ಟು ಇಟ್ಟಿಗೆಯ ಪುಟ್ಟ ಕಂಬ ಕಟ್ಟಿ, ಮೇಲೆ ಪ್ಲಾಸ್ಟಿಕ್ ಡಿಪಿಸಿ ತುಂಡಿಟ್ಟು ಅದರ ಮೇಲೆ ಕೂರಿಸಿ.

ಬಿಚ್ಚಿದ ಹಲಗೆಗಳನ್ನು ಕೂಡಲೇ ಹೊಡೆದು ಪಾಲಿಶ್ ಮಾಡಿಸುವ ಆತುರ ಬೇಡ. ಜಂತೆ ನಿಧಾನ ಒಣಗುತ್ತದೆ. ವಾರಕ್ಕೊಮ್ಮೆ ಅದೇ ಹನ್ನೆರಡು ಜಾಗಗಳಲ್ಲಿ ಮಾಪಕ ಇಟ್ಟು ಬರೆಯಿರಿ. ಎಲ್ಲೆಡೆ 16ಕ್ಕೆ ಇಳಿದು ಸತತ ಮೂರು ವಾರ ಅಲ್ಲೇ ನಿಂತ ಮೇಲೆ ಹಲಗೆ ಹೊಡೆಸಿ. ಅಂಕಿ ಇಳಿಯುತ್ತಾ ಬಂದು 19ರಲ್ಲಿ ಸಿಕ್ಕಿಕೊಂಡರೆ ಊದುಬತ್ತಿ ಹಿಡಿದು ಮತ್ತೆ ಹೊರಗೋಡೆ ಸುತ್ತಿ ಬನ್ನಿ. ನಾಲ್ಕು ಪೈಪುಗಳಲ್ಲಿ ಒಂದರ ಚೀಲ ಇನ್ನೂ ಒಳಗೇ ಇರುತ್ತದೆ.